ಒಂದು ಕಾಯಿ ಸುಲಿದ ಮೇಲೆ

ನಮ್ಮ ತೆಂಗಿನ ತೋಟಕ್ಕೆ ಕಾಯಿ ಸುಲಿಯಲು ಬರುತ್ತಿದ್ದ ತಾತನಿಗೆ ಬುದ್ಧಿ ಹೇಳುವ ಅಭ್ಯಾಸವೇ ಇರಲಿಲ್ಲ. ತಿಪಟೂರಿನ ಕಾಲೇಜಿಗೆ ಸೇರಿದ ವರ್ಷ, ನಾನೂ ಇಬ್ಬರು ಗೆಳೆಯರೂ ಕೊಬ್ಬರಿ ಶೆಡ್ಡಿನ ಹಿಂದೆ ಸಿಗರೇಟು ಹಚ್ಚುವಾಗ ಅವನ ಕೈಗೆ ಸಿಕ್ಕಿಬಿದ್ದೆವು. ಬೈಯಲಿಲ್ಲ, ಅಪ್ಪನಿಗೆ ಫೋನೂ ಮಾಡಲಿಲ್ಲ. ತನ್ನ ಕಿವಿಗೆ ಸಿಕ್ಕಿಸಿದ್ದ ಬೀಡಿಯನ್ನು ಸರಿಮಾಡಿಕೊಂಡು, ನೆಲದಲ್ಲಿ ನೆಟ್ಟಿದ್ದ ಕಬ್ಬಿಣದ ಗೂಟ ತೋರಿಸಿದ.

"ಒಂದೊಂದ್ ಕಾಯಿ ಸುಲೀರ್ಲಾ, ಆಮೇಲ್ ಸೇದೀರಂತೆ."

ಅಂದಿನಿಂದ ಸೇದಬೇಕೆನಿಸಿದಾಗಲೆಲ್ಲ ಅದೇ ಮಾತು. ಒಣಗಿದ ಕಾಯಿಯನ್ನು ಗೂಟಕ್ಕೆ ಕುಕ್ಕಿ, ಎರಡೂ ಕೈಯಲ್ಲಿ ತಿರುಚಿ ಮಟ್ಟೆ ಬಿಡಿಸುವಷ್ಟರಲ್ಲಿ ನಮಗೆ ಏದುಸಿರು. ಸಿಗರೇಟಿನ ನೆನಪೇ ಹಾರಿಹೋಗಿರುತ್ತಿತ್ತು. ಬೇಸಿಗೆ ಕಳೆಯುವಷ್ಟರಲ್ಲಿ ಚಟ ಬಿಟ್ಟಿತ್ತು, ತೋಳು ಗಟ್ಟಿಯಾಗಿತ್ತು.

ಆಮೇಲೊಂದು ದಿನ ನೋಡಿದರೆ, ಕಾಯಿ ರಾಶಿಯ ಮರೆಯಲ್ಲಿ ತಾತನೇ ಬೀಡಿ ಕಚ್ಚಿಕೊಂಡು ಕಡ್ಡಿ ಗೀರುತ್ತಿದ್ದಾನೆ! ಮೂವರೂ ಸುತ್ತುವರಿದೆವು.

"ಒಂದ್ ಕಾಯಿ ಸುಲಿ ತಾತ, ಆಮೇಲ್ ಸೇದೀಯಂತೆ!"

ಬೊಚ್ಚುಬಾಯಿ ತೆರೆದು ನಕ್ಕ. "ಒಂದ್ ಕಾಯಿ ನಂಗ್ಯಾವ್ ಮೂಲೆಗ್ಲಾ? ರಾಶೀನೇ ಬೇಕು" ಎಂದು ಬೀಡಿಯನ್ನು ಮತ್ತೆ ಕಿವಿಗೆ ಸಿಕ್ಕಿಸಿ ಗೂಟದ ಮುಂದೆ ನಿಂತ.

ಸಂಜೆ ಇಡೀ ರಾಶಿ ಮುಗಿಸಿ, ಪಂಚೆಯ ಧೂಳು ಕೊಡವಿದ. ಬೀಡಿ ಕಿವಿಯಲ್ಲೇ ಇತ್ತು.

"ನಾಳೀಕೂ ಒಂದ್ ರಾಶಿ ಮಡಗಿರ್ರಲಾ" ಎಂದು ಹೊರಟ.