ಇಸ್ಫಂದಿಯಾರ್ ಬೇಡವೆಂದದ್ದು

ಗೆಳೆಯ ಇಸ್ಫಂದಿಯಾರನನ್ನು ಮೊನ್ನೆ ಮಣ್ಣು ಮಾಡಿ ಬಂದೆವು. ಪತ್ರಿಕೆಗಳು "ಮಾಜಿ ಮಂತ್ರಿ" ಎಂದು ಬರೆದವು. ಅವನು ಇರಾನಿನ ದಕ್ಷಿಣದ ಅಣೆಕಟ್ಟೊಂದರಲ್ಲಿ ಹದಿನಾರು ವರ್ಷ ದುಡಿದ ಇಂಜಿನಿಯರ್. ಮಂತ್ರಿಯಾಗಿದ್ದದ್ದು ಒಂಬತ್ತೇ ತಿಂಗಳು.

ನಮ್ಮ ದೊರೆ ಶಾ ದೇಶ ಬಿಟ್ಟು ಓಡಿದ ವರ್ಷ, ವಸಂತದಲ್ಲಿ, ಹೊಸ ಸರಕಾರದವರು ಟೆಹರಾನಿನ ಅವನ ಮನೆಗೇ ಬಂದು ನೀರಾವರಿ ಖಾತೆ ವಹಿಸಿಕೊಳ್ಳಿ ಎಂದರು.

"ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ, ನನ್ನ ಬಿಟ್ಬಿಡಿ," ಎಂದ.

ನಮ್ಮಲ್ಲಿ ಒಂದು ಲೋಟ ಚಹಾ ಕೊಟ್ಟರೂ ಮೊದಲೆರಡು ಸಲ ಬೇಡವೆನ್ನುವುದೇ ಮರ್ಯಾದೆ. ಬಂದವರು ನಕ್ಕು ಮತ್ತೆ ಕೇಳಿದರು. ಮತ್ತೆ ಬೇಡವೆಂದ. ಮೂರನೆಯ ಸಲ ಕೇಳಿದಾಗ, ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ತಿರುಗಿದ.

"ನೀನಾದ್ರೂ ಹೇಳೋ ಬಹ್ಮನ್. ನಂಗೆ ನೀರು ಗೊತ್ತು, ಜನ ಗೊತ್ತಿಲ್ಲ."

"ಸಾಕು ನಿನ್ನ ನಾಚ್ಕೆ! ಮದುಮಗಳೂ ಮೂರನೇ ಸಲ ಕೇಳಿದ್ರೆ ಹೂಂ ಅಂತಾಳೆ," ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗುವಿನ ನಡುವೆ ಅವನು ತಲೆಯಾಡಿಸಿದ.

ಹಳೆಯ ಇಂಜಿನಿಯರುಗಳನ್ನು ಶಾನ ಕಡೆಯವರೆಂದು ಕೆಲಸದಿಂದ ತೆಗೆಯುವ ಪಟ್ಟಿ ಅವನ ಮೇಜಿಗೆ ಬಂತು. ಸಹಿ ಹಾಕದೆ ರಾಜೀನಾಮೆ ಕೊಟ್ಟ. ಮೂರು ವರ್ಷ ಜೈಲಾಯಿತು. ಆಮೇಲೆ ಯಾವ ಅಣೆಕಟ್ಟಿನವರೂ ಅವನನ್ನು ಒಳಗೆ ಸೇರಿಸಲಿಲ್ಲ. ಮನೆಯಲ್ಲಿ ಗಣಿತದ ಪಾಠ ಹೇಳಿಕೊಂಡು ಮುದುಕನಾದ.

ಕಳೆದ ತಿಂಗಳು ಆಸ್ಪತ್ರೆಯಲ್ಲಿ ಅವನಿಗೆ ದಾಳಿಂಬೆ ಬಿಡಿಸಿಕೊಡುತ್ತ, ಆ ದಿನದ ಮಾತೆತ್ತಿ ಕ್ಷಮೆ ಕೇಳಿದೆ.

"ಬಿಡೋ ಮಾರಾಯ, ಅವತ್ತು ಬಂದವರಿಗೆ ನಾನ್ಯಾರೋ ಏನೋ," ಎಂದ. ದಾಳಿಂಬೆಯ ಕಾಳೊಂದನ್ನು ಬಾಯಿಗೆ ಹಾಕಿಕೊಂಡು, "ನಿಂಗೆ ಗೊತ್ತಾಗಬೇಕಿತ್ತು," ಎಂದ.

ಗೊತ್ತಾಗಬೇಕಿತ್ತು. ಶಾಲೆಯ ಬೆಂಚಿನಿಂದಲೂ ಅವನನ್ನು ಬಲ್ಲೆ. ಸೌಜನ್ಯಕ್ಕೆ ಬೇಡವೆನ್ನುವಾಗ ಅವನು ನೆಲ ನೋಡುತ್ತಿದ್ದ. ಅಂದು ನನ್ನ ಮುಖವನ್ನೇ ನೋಡುತ್ತಿದ್ದ.