ನಮ್ಮ ಮನೆಯ ಒಬ್ಬನೇ ನೇಕಾರ

ಗೆಳತಿಯರೇ, ಇವತ್ತು ನನ್ನ ಅವ್ವ ನನ್ನನ್ನು ಸುಳ್ಳುಬುರುಕಿ ಮಾಡಿದಳು.

ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ ಬೆಟಗೇರಿಯ ನಮ್ಮ ಓಣಿಗೆ ಸರ್ಕಾರದ ಗುಮಾಸ್ತ ಬಂದಿದ್ದ. ನೇಕಾರರ ಪಟ್ಟಿಯಲ್ಲಿ ಹೆಸರಿದ್ದವರಿಗಷ್ಟೇ ಇನ್ನು ನೂಲು ಸಿಗುತ್ತದಂತೆ. ಅಪ್ಪನ ಕೈ ನಡುಗತೊಡಗಿ ಆರು ವರ್ಷವಾಯಿತು. ಅಂದಿನಿಂದ ನೇಯುತ್ತಿರುವವಳು ಅವ್ವ. ಅವಳ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡಲೆಂದೇ ನಾನು ಶಾಲೆ ಬಿಟ್ಟೆ. ಆದರೂ ಗುಮಾಸ್ತನ ದನಿ ಕೇಳಿದ್ದೇ ಅವ್ವ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯಿಂದೆದ್ದು ಅಡುಗೆಮನೆ ಸೇರಿದಳು. ಅಪ್ಪ ಕುಣಿಗಿಳಿದು ಕುಳಿತ.

“ನೇಯಾವ್ರು ಯಾರು?”

“ನಾನೇ ರೀ” ಅಂದ ಅಪ್ಪ, ತಲೆಯೆತ್ತದೆ.

“ಅಲ್ಲರೀ, ನೇಯಾಕಿ ನಮ್ಮವ್ವ” ಅಂದೆ ನಾನು.

ಗುಮಾಸ್ತ ನಕ್ಕ. “ಹೆಣ್ಮಕ್ಕಳ ಹೆಸರು ಇದರಾಗ ಬರಿಯಾಕ ಬರಂಗಿಲ್ಲವ್ವಾ. ನಿಮ್ಮಪ್ಪ ನೇಯಂಗಿಲ್ಲ ಅಂದ್ರ ಹೇಳು, ಈ ಮನಿ ಬಿಟ್ಟು ಮುಂದ ಹೊಕ್ಕೀನಿ.”

ಒಳಗಿನಿಂದ ಅವ್ವ ಕೂಗಿದಳು: “ಆ ಹುಡುಗಿ ಮಾತು ಕೇಳಬ್ಯಾಡ್ರಿ ಸಾಹೇಬ್ರ, ಬರೇ ಸುಳ್ಳು ಹೇಳತೈತಿ. ನನಗ ಲಾಳಿ ಹಿಡಿಯಾಕೂ ಬರಂಗಿಲ್ಲ!”

ಚಿಕ್ಕವಳಿದ್ದಾಗ ಒಂದು ಸುಳ್ಳಿಗಾಗಿ ನನ್ನ ಅಂಗೈಗೆ ಬರೆ ಎಳೆದವಳು ಇವಳೇ. ನಾನು ಕಂಡಿಕೆ ಸುತ್ತತೊಡಗಿದೆ. ಗುಮಾಸ್ತ ಅಪ್ಪನ ಹೆಸರು ಬರೆದುಕೊಂಡು ಹೋದ.

ಅಪ್ಪನಿಗೆ ಮಾತ್ರ ಏಳಲಾಗಲಿಲ್ಲ. ಅವ್ವನ ಗಿಡ್ಡ ಕಾಲಿಗೆ ಹೊಂದಲೆಂದು ನಾವು ಎಂದೋ ಮಣ್ಣು ತುಂಬಿ ಕುಣಿಯನ್ನು ಕಿರಿದು ಮಾಡಿದ್ದೆವು. ಅವನ ಮೊಣಕಾಲು ಅದರಲ್ಲಿ ಸಿಕ್ಕಿಕೊಂಡಿತ್ತು. ನಮ್ಮ ಮನೆಯ ಒಬ್ಬನೇ ನೇಕಾರನನ್ನು, ಪಟ್ಟಿಯಲ್ಲಿಲ್ಲದ ನಾವಿಬ್ಬರೂ ರಟ್ಟೆ ಹಿಡಿದು ಮೇಲೆತ್ತಿದೆವು.