ರೈಫಲ್ಲಿಗೆ ಅರಗು ಹಾಕಿದ್ದು

ನನ್ನ ಬಾಯಿ ಜೋರು, ಒಪ್ಪಿಕೊಳ್ತೀನಿ. ಬೆಂಗಳೂರಿನ ಕಡೆಯ ವಿಜಯಪುರದಲ್ಲಿ ನಮ್ಮಪ್ಪ ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುತ್ತಿದ್ದರು. ಆ ರಾಟೆಗಳ ಗದ್ದಲದಲ್ಲಿ ಕೂಗಿ ಮಾತಾಡದಿದ್ದರೆ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿರಲಿಲ್ಲ. ಅದೇ ಗಂಟಲು ಹೊತ್ತುಕೊಂಡು ತೂಬಗೆರೆಗೆ ಸೊಸೆಯಾಗಿ ಹೋದೆ. ಮೊದಲ ವಾರದಲ್ಲೇ ಅತ್ತೆ, "ಯಾಕಮ್ಮಾ, ಈ ಮನೇಲಿ ಯಾರಿಗೆ ಕಿವಿ ಕೇಳಲ್ಲ?" ಅಂದರು. ಅರವತ್ತರ ದಶಕದ ಮಾತು ಇದು.

ನಮ್ಮೆಜಮಾನರಿಗೆ ಮಾತೇ ಕಡಿಮೆ. ಹನ್ನೊಂದು ಜನ ಇದ್ದ ಮನೆ. ಹಾಡಹಗಲೇ ಗಂಡ ಹೆಂಡತಿ ಎದುರುಬದುರು ಕೂತು ನಾಲ್ಕು ಮಾತಾಡಿದರೆ ಎಲ್ಲರ ಕಣ್ಣೂ ನಮ್ಮ ಮೇಲೆ. ನಮಗಿದ್ದ ಒಂದೇ ನೆಪ ಅವರ ತಾತನ ಕಾಲದ ರೈಫಲ್ಲು. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತವೆ ಅಂತ ಲೈಸೆನ್ಸ್ ಕೊಟ್ಟಿದ್ದು. ಇವರು ಹಂದಿ ಹೊಡೆದಿದ್ದಕ್ಕಿಂತ ಹೊಲದ ಬದುವಿಗೆ ಕಾಗದ ಸಿಕ್ಕಿಸಿ ಗುರಿ ಹೊಡೆದಿದ್ದೇ ಹೆಚ್ಚು. ಭಾನುವಾರ ಕೊಟ್ಟಿಗೆ ಮುಂದೆ ಗೋಣಿ ಹಾಸಿಕೊಂಡು ಅದನ್ನ ಒರೆಸೋಕೆ ಕೂತರೆ, ಎಣ್ಣೆಬಟ್ಟೆ ಕೊಡೋ ನೆಪದಲ್ಲಿ ನಾನೂ ಹೋಗಿ ಕೂರುತ್ತಿದ್ದೆ. ಆ ಗೋಣಿಯ ಮೇಲಿನ ಮಧ್ಯಾಹ್ನಗಳಿಗಾಗಿ ಈಗಲೂ ಜೀವ ಹಂಬಲಿಸುತ್ತೆ.

ಆ ವರ್ಷ ದೊಡ್ಡಬಳ್ಳಾಪುರದ ಕಡೆ ಒಂದು ರೈಫಲ್ ಕ್ಲಬ್ಬಿನವರು ಗುರಿ ಹೊಡೆಯೋದು ಕಲಿಸೋಕೆ ಒಬ್ಬರನ್ನ ಹುಡುಕುತ್ತಿದ್ದರು. ಪೈಪೋಟಿ ಇಟ್ಟು, ಗೆದ್ದವರಿಗೆ ಕೆಲಸ, ಜೊತೆಗೆ ಇರೋಕೆ ಎರಡು ಕೋಣೆಯ ಮನೆ. ಎರಡು ಕೋಣೆ! ಇವರು ಆ ಸುದ್ದಿ ಹೇಳಿ ಮುಗಿಸೋದರೊಳಗೆ ನಾನು ಒಲೆ ಎಲ್ಲಿ, ನೀರಿನ ಹಂಡೆ ಎಲ್ಲಿ ಅಂತ ಜೋಡಿಸಿಬಿಟ್ಟಿದ್ದೆ. ನಮ್ಮದೇ ಬಾಗಿಲು, ನಮ್ಮದೇ ಅಗುಳಿ. ಒಳಗೆ ನಾನು ಎಷ್ಟು ಜೋರಾಗಿ ನಕ್ಕರೂ ಕೇಳೋರಿಲ್ಲ.

ಆದರೆ ಇವರ ಕಣ್ಣಿಗೆ ಒಂದು ಐಬಿತ್ತು. ದೂರದ್ದು ಹದ್ದಿನ ಹಾಗೆ ಕಾಣೋದು, ಹತ್ತಿರದ್ದು ಮಸುಕು. ರೈಫಲ್ಲಿನ ಮೇಲೆ ಗುರಿ ನೋಡೋಕೆ ಎರಡು ಸೈಟು ಇರ್ತವೆ; ನಡುವೆ ಇದ್ದ ಹಿಂದಿನ ಸೈಟು ಬರೀ ಒಂದು ಸೀಳು. ಆ ಸೀಳಿನ ನಡುವೆ ತುದಿಯಲ್ಲಿರೋ ಮುಂದಿನ ಸೈಟು ಕೂರಿಸಿ ನೋಡಬೇಕು. ಇವರಿಗೆ ಆ ಸೀಳೇ ಕಲಸಿಹೋಗೋದು. ಕಣ್ಣಿಗೆ ಹತ್ತಿರವಾಗಿ ಸಣ್ಣ ತೂತಿನ ಸೈಟು ಇದ್ದರೆ ಎಲ್ಲ ಚೊಕ್ಕವಾಗಿ ಕಾಣುತ್ತೆ ಅಂತ ಯಾರೋ ಹೇಳಿದ್ದರಂತೆ. ಬೆಂಗಳೂರಿಗೆ ಹೋಗಿ ಬಂದೂಕಿನ ಅಂಗಡಿಯಲ್ಲಿ ಕೇಳಿ ಬಂದರು. ಅಲ್ಲಿದ್ದ ಸೈಟು ಕೂರೋಕೆ ರೈಫಲ್ಲಿನ ಬೆನ್ನ ಮೇಲೆ ಕಚ್ಚು ಇರಬೇಕು, ನಮ್ಮದರ ಬೆನ್ನು ನುಣ್ಣಗೆ ದುಂಡಗೆ. ಬರಿಗೈಲಿ ವಾಪಸ್ಸು ಬಂದು ಗೋಣಿ ಹಾಸಿ ರೈಫಲ್ಲು ಒರೆಸೋಕೆ ಕೂತರು.

"ಸಣ್ಣ ತೂತು ತಾನೇ? ಅದಕ್ಕೆ ಬೆಂಗಳೂರ್‌ಗ್ಯಾಕ್ರೀ ಹೋಗ್ಬೇಕಿತ್ತು?" ಅಂದೆ.

ನಮ್ಮಪ್ಪನ ಮನೆಯಲ್ಲಿ ನೂಲು ಪಿಂಗಾಣಿಯ ಪುಟ್ಟ ಗುಂಡಿಯೊಳಗಿಂದ ಹಾದು ರಾಟೆಗೆ ಹೋಗುತ್ತಿತ್ತು. ಹೊಸ ಗುಂಡಿಯ ತೂತು ಕೂದಲು ನುಸುಳುವಷ್ಟು. ವರ್ಷಗಟ್ಟಲೆ ನೂಲು ಓಡಿ ಓಡಿ ತೂತು ಸವೆದು ದೊಡ್ಡದಾದರೆ ಅಪ್ಪ ಅದನ್ನ ಬಿಸಾಕುತ್ತಿದ್ದರು. ತವರಿಗೆ ಹೋಗಿ ಅಂಥವು ಒಂದು ಡಬ್ಬಿ ತುಂಬ ತಂದೆ. ಅತ್ತೆ, "ತವರಿಂದ ಸೀರೆ ತರ್ತಾರೆ, ಇವಳು ಕಸ ತಂದಿದ್ದಾಳೆ" ಅಂದರು. ಅನ್ನಲಿ.

ಎರಡು ಮಧ್ಯಾಹ್ನ ಅದೇ ಕೆಲಸ. ನಾನು ಒಂದೊಂದೇ ಗುಂಡಿ ಒರೆಸಿ ಕೊಡೋದು, ಅವರು ಕಣ್ಣಿಗೆ ಹಿಡಿದು ದೂರದ ಹುಣಸೆಮರ ನೋಡೋದು. ತೂತು ತೀರಾ ಸಣ್ಣದಾದರೆ ಕತ್ತಲೆ, ದೊಡ್ಡದಾದರೆ ಮತ್ತೆ ಮಸುಕು. ಒಂದು ಗುಂಡಿ ಹಿಡಿದು ಮರದ ಕಡೆಯಿಂದ ನನ್ನ ಕಡೆ ತಿರುಗಿದರು. "ಇದರಲ್ಲಿ ನಿನ್ನ ಮೂಗುಬೊಟ್ಟಿನ ಹರಳು ಕೂಡ ಕಾಣ್ತದೆ ಕಣೇ" ಅಂದರು. ಮದುವೆಯಾದ ಮೇಲೆ ಅವರು ನನ್ನ ಮುಖ ನೋಡಿ ಆಡಿದ ಅತಿ ಉದ್ದದ ಮಾತು ಅದು. ಅದೇ ಗುಂಡಿ ಅಂತ ತೀರ್ಮಾನವಾಯಿತು.

ಕಂಚುಗಾರರ ಹತ್ತಿರ ಒಂದು ಹಿತ್ತಾಳೆ ಪಟ್ಟಿಯನ್ನ ರೈಫಲ್ಲಿನ ಬೆನ್ನಿಗೆ ಹೊಂದೋ ಹಾಗೆ ಬಾಗಿಸಿ, ಮೇಲೆ ಎದ್ದು ನಿಂತ ತುದಿಯಲ್ಲಿ ಗುಂಡಿ ಕೂರಿಸಿ ತಂದರು. ಇನ್ನು ಅದನ್ನ ಭದ್ರ ಮಾಡಬೇಕು. ಸ್ಕ್ರೂ ಹಾಕಬೇಕಾದರೆ ರೈಫಲ್ಲಿಗೇ ತೂತು ಕೊರೆಯಬೇಕು. ಪೈಪೋಟಿಗೆ ಮೂರೇ ದಿನ.

"ತಾತನ ಕಾಲದ್ದು. ಕೊರೆಯೋಕೆ ಮನಸ್ಸು ಬರ್ತಿಲ್ಲ" ಅಂದರು.

"ಅಯ್ಯೋ, ಕುಡುಗೋಲಿಗೆ ಹಿಡಿ ಕೂರಿಸೋ ಹಾಗೆ ಅರಗು ಹಾಕ್ರಿ! ಹತ್ತು ವರ್ಷ ರಾಗಿ ಕೊಯ್ದರೂ ಅಲ್ಲಾಡಲ್ಲ."

ಅವರು ಹಿಂದೆಮುಂದೆ ನೋಡಿದರು. ನಾನು ಬಿಡಲಿಲ್ಲ. ನಾನೇ ಕೆಂಡದ ಮೇಲೆ ಪಟ್ಟಿ ಕಾಯಿಸಿದೆ, ನಾನೇ ಅರಗಿನ ಪುಡಿ ಉದುರಿಸಿದೆ. ಅವರು ಕಣ್ಣಳತೆಯಲ್ಲಿ ನೇರ ನೋಡಿ ಒತ್ತಿ ಹಿಡಿದರು. ಆರಿದ ಮೇಲೆ ಕಲ್ಲಿನಂತಾಯಿತು. ಮಾರನೇ ದಿನ ಬೆಳಗಿನ ತಂಪಲ್ಲಿ ಬದುವಿನ ಹತ್ತಿರ ಐದು ಗುಂಡು ಹೊಡೆದು, ಕಾಗದ ತಂದು ತೋರಿಸಿದರು. ಐದೂ ಒಂದು ರೂಪಾಯಿ ನಾಣ್ಯದಗಲದ ಒಳಗೆ. ನಾನು ಆಗಲೇ ಪಾತ್ರೆ ಯಾವುದು ಒಯ್ಯೋದು ಅಂತ ಬೇರೆ ಮಾಡಿಟ್ಟೆ.

ಪೈಪೋಟಿಯ ದಿನ ಅವರು ದೀಪ ಹಚ್ಚೋ ಹೊತ್ತಿಗೆ ಬಂದರು. ಮನೆಯವರೆಲ್ಲ ಜಗಲಿಯಲ್ಲೇ ಇದ್ದರು.

"ಏನಾಯ್ತು?" ಅಂದರು ಅತ್ತೆ.

"ನನ್ನ ಸರದಿ ಬಂದಾಗ ಸೂರ್ಯ ನೆತ್ತಿ ಮೇಲಿದ್ದ. ಕೈ ನಡುಗ್ತು. ಒಂದೂ ಗುರಿಗೆ ಬೀಳಲಿಲ್ಲ" ಅಂತ ಹೇಳಿ ಕೈಕಾಲು ತೊಳೆಯೋಕೆ ಹೋದರು. ರೈಫಲ್ಲನ್ನ ಹಳೇ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಗೋಣಿ ಹಾಸಲೇ ಇಲ್ಲ. ಲೈಸೆನ್ಸಿಗೆ ತೋರಿಸಬೇಕಾದಾಗಲೂ ತಾವೇ ಒಯ್ದು ತಾವೇ ತರುತ್ತಿದ್ದರು, ನನ್ನ ಕೈಗೆ ಕೊಡುತ್ತಿರಲಿಲ್ಲ.

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಎರಡು ಕೋಣೆ ಕೈತಪ್ಪಿ ಹೋಯಿತಲ್ಲ. ಕಾಫಿ ಲೋಟ ಕೊಡುವಾಗ, "ಹುಷಾರು, ಕೈ ನಡುಗೀತು" ಅಂತಿದ್ದೆ. ಮೊದಲು ತಮಾಷೆಗೆ, ಆಮೇಲೆ ಚುಚ್ಚೋಕೆ. ಒಂದು ವರ್ಷವಲ್ಲ, ಹತ್ತು ವರ್ಷ. ಅವರು ನಕ್ಕು ಲೋಟ ತೆಗೆದುಕೊಳ್ಳುತ್ತಿದ್ದರು. ಬರೀ ಕತ್ತಿಯಲ್ಲಿ ಮುಖಕ್ಷೌರ ಮಾಡಿಕೊಳ್ಳೋ ಮನುಷ್ಯ, ಒಂದು ಗಾಯ ಕಂಡಿದ್ದಿಲ್ಲ. ದಿನಾ ನೋಡುತ್ತಿದ್ದೆ. ಇಂಥ ಕೈ ನಡುಗೋದುಂಟಾ ಅಂತ ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ಕಾಮಾಲೆಯಾಗಿ ಹೋಗಿಬಿಟ್ಟರು. ಲೈಸೆನ್ಸ್ ಇದ್ದವರೇ ಇಲ್ಲ, ರೈಫಲ್ಲು ಠಾಣೆಗೆ ಒಪ್ಪಿಸಬೇಕು ಅಂದರು ಪೊಲೀಸರು. ಒರೆಸಿ ಕೊಡೋಣ ಅಂತ ಪಂಚೆ ಬಿಚ್ಚಿದೆ.

ಸೈಟು ಪಕ್ಕಕ್ಕೆ ಜಾರಿ ನಿಂತಿತ್ತು. ಅರಗು ಕರಗಿ ಇಳಿದು ಹಾಗೇ ಗಟ್ಟಿಯಾಗಿತ್ತು. ಕುಡುಗೋಲಿನ ಅರಗು ಮರದ ಹಿಡಿಯೊಳಗಿರುತ್ತೆ, ಅದಕ್ಕೆ ಬಿಸಿಲು ತಾಗಲ್ಲ. ಬಯಲಲ್ಲಿ ಕಾದ ಕಬ್ಬಿಣದ ಮೇಲೆ ಅದು ನಿಲ್ಲೋದುಂಟಾ? ಅಂಚಿಗೆ ಇಳಿದಿದ್ದ ಅರಗಿನ ಮೇಲೆ ಒಂದು ಹೆಬ್ಬೆರಳಿನ ಗುರುತು, ಗೆರೆಗೆರೆ ಸಮೇತ. ಜಾರಿದ್ದನ್ನ ಅಲ್ಲೇ ಬಿಸಿಲಲ್ಲಿ ಒತ್ತಿ ಒತ್ತಿ ಹಿಂದಕ್ಕೆ ಕೂರಿಸೋಕೆ ನೋಡಿದ್ದಾರೆ. ನಿಜ ಹೇಳಿದ್ದರೆ ಆ ಜಗಲಿಯಲ್ಲಿ ಇಡೀ ಮನೆ ನನ್ನ ಮೇಲೆ ಬೀಳುತ್ತಿತ್ತು. ಅದಕ್ಕೇ ಕೈ ನಡುಗ್ತು ಅಂದಿದ್ದು. ನನ್ನ ದೊಡ್ಡ ಬಾಯಿಗೂ ಒಂದು ದಿನವೂ ಎದುರಾಡಲಿಲ್ಲ. ಪಂಚೆ ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಚಾಕು ತೂರಿಸಿ ಎಬ್ಬಿಸಿದಾಗ ಪಟ್ಟಿ, ಗುಂಡಿ, ಅರಗು ಒಂದೇ ತುಂಡಾಗಿ ಬಂತು. ರೈಫಲ್ಲು ಠಾಣೆಗೆ ಹೋಯಿತು. ಇದನ್ನ ಮಾತ್ರ ಗುಂಡಿಗಳ ಆ ಹಳೇ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೀನಿ. ಒಮ್ಮೊಮ್ಮೆ ತೆಗೆದು ಆ ಗುರುತಿನಲ್ಲಿ ನನ್ನ ಹೆಬ್ಬೆರಳು ಇಡ್ತೀನಿ. ಅವರದು ಅಗಲ, ಸುತ್ತ ಜಾಗ ಉಳಿಯುತ್ತೆ. ಶಿವರಾತ್ರಿ ಕಳೆದು ಬಿಸಿಲು ಏರಿದ ಕೂಡಲೇ ಡಬ್ಬಿಯನ್ನ ನೀರಿನ ಮಡಕೆಯ ಪಕ್ಕ ತಂಪಿಗೆ ಇಡ್ತೀನಿ. ಆ ಅರಗು ಇನ್ನೊಂದು ಸಲ ಕರಗಬಾರದು.